ಹಮ್ಮಾಮಿನ ಗೋಡೆಯ ಎಫ್ಫತ್

ಯುದ್ಧ ನಿಂತ ಮರುವರ್ಷ ಕೊನಾರ್ ಗಲ್ಲಿಯವರು ಊರವರ ಹಳೇ ಸ್ನಾನಗೃಹ ಹಮ್ಮಾಮಿನ ಹಿಂಗೋಡೆಯ ಮೇಲೆ ಯುದ್ಧದಲ್ಲಿ ಸತ್ತ ತಮ್ಮವರ ಚಿತ್ರ ಬರೆಸಬೇಕು ಅಂತ ಮಾತಾಡಿಕೊಂಡರು. ಆ ಮಾತಿಗೆ ಎಲ್ಲರಿಗಿಂತ ಮೊದಲು ಹೂಂ ಅಂದವಳು ಸುದಾಬೆ. ದೆಜ್ಫೂಲ್ ಪಟ್ಟಣದ ಆ ಸಣ್ಣ ಗಲ್ಲಿಯಿಂದ ನಾಲ್ಕು ಹುಡುಗರು ಗಡಿಗೆ ಹೋದವರು ವಾಪಸ್ ಬಂದಿರಲಿಲ್ಲ. ಐದನೆಯವಳು ಎಫ್ಫತ್, ಆಸ್ಪತ್ರೆಯ ನರ್ಸು. ಅವಳು ಯಾವ ಗಡಿಗೂ ಹೋದವಳಲ್ಲ. ಕ್ಷಿಪಣಿ ಬಿದ್ದ ಮನೆಯ ಕಡೆಗೆ ಬ್ಯಾಂಡೇಜಿನ ಡಬ್ಬ ಹಿಡಿದು ಓಡುತ್ತಿದ್ದಾಗ ಅದೇ ಬೀದಿಗೆ ಇನ್ನೊಂದು ಬಿದ್ದಿತ್ತು.

ಸುದಾಬೆ ಅವಳ ಜೊತೆಗಾತಿ. ಒಂದೇ ಬೆಂಚಿನಲ್ಲಿ ಓದಿದವರು, ಒಂದೇ ವಾರ್ಡಿನಲ್ಲಿ ದುಡಿದವರು. ಹಾಗಾಗಿ ಗೋಡೆಗೆ ಬಣ್ಣ ಹಚ್ಚಲು ಬಂದ ಮೇಸ್ತ್ರಿ ಉಸ್ತಾ ಯದುಲ್ಲಾ ಎಫ್ಫತ್‌ಳ ಫೋಟೋ ಕೇಳಿದಾಗ ಎಲ್ಲರೂ ಸುದಾಬೆಯ ಮುಖ ನೋಡಿದರು.

ಫೋಟೋ ಇರಲಿಲ್ಲ. ಎಫ್ಫತ್‌ಳ ಮನೆ ಆಮೇಲಿನ ಒಂದು ದಾಳಿಯಲ್ಲಿ ಟ್ರಂಕು, ಗೋಡೆಗಡಿಯಾರಗಳ ಸಮೇತ ಮಣ್ಣಾಗಿಹೋಗಿತ್ತು. ಆಸ್ಪತ್ರೆಯಲ್ಲಿ ಸಿಕ್ಕ ಒಂದೇ ಒಂದು ಗುಂಪು ಚಿತ್ರದಲ್ಲಿ ಎಲ್ಲರ ಮೂಗು ಬಾಯಿಗೂ ಬಟ್ಟೆ ಕಟ್ಟಿತ್ತು. ಅವಳ ತಾಯಿ ಖಾವರಳನ್ನು ಗಲ್ಲಿಯವರೆಲ್ಲ ನನೆ, ಅಂದರೆ ಅಮ್ಮ, ಅಂತ ಕರೆಯುತ್ತಿದ್ದರು; ದಾಳಿಗೆ ಹೆದರಿ ಊರು ಬಿಟ್ಟ ನನೆ ಖಾವರ್ ಖೊರ್ರಮಾಬಾದಿನಲ್ಲಿ ಮಗ ಹೈದರನ ಜೊತೆ ಇನ್ನೂ ಬಾಡಿಗೆ ಮನೆಯಲ್ಲಿದ್ದಳು. ಅಲ್ಲಿಗೆ ಹೇಳಿಕಳಿಸಿದ್ದಕ್ಕೆ, “ಫೋಟೋ ಎಲ್ಲಿಂದ ತರಲಿ? ಸುದಾಬೆ ಇದ್ದಾಳಲ್ಲ, ಅವಳನ್ನೇ ಕೇಳಿ. ನನ್ನ ಮಗಳ ಮುಖ ಅವಳಿಗೆ ಗೊತ್ತಿರೋಷ್ಟು ನನಗೂ ಗೊತ್ತಿಲ್ಲ” ಅಂತ ಉತ್ತರ ಬಂತು.

ಯದುಲ್ಲಾ ಅಂಗಡಿ ಬೋರ್ಡು ಬರೆಯುವವನು. ಆ ಗಲ್ಲಿಯವನಲ್ಲ, ಹೊಳೆಯಾಚೆಯವನು. ಕಿವಿ ಮೇಲೆ ಯಾವಾಗಲೂ ಒಂದು ಪೆನ್ಸಿಲು, ಬಾಯಲ್ಲಿ ಯಾವಾಗಲೂ ಒಂದು ಕುಚೋದ್ಯ.

“ತಂಗೀ, ನೀನು ಸಮವಸ್ತ್ರ ಹಾಕ್ಕೊಂಡು ಬಾ. ಬಟ್ಟೆ ಮಡಿಕೆ, ತಲೆವಸ್ತ್ರ ಎಲ್ಲ ನಿನ್ನ ನೋಡಿ ಬರೀತೀನಿ. ಮುಖ ಮೊದಲು ಅಂದಾಜಲ್ಲಿ ಇಳಿಸ್ತೀನಿ. ಆಮೇಲೆ ನೀನು ಹೇಳ್ತಾ ಹೋಗು, ನಾನು ತಿದ್ದುತಾ ಹೋಗ್ತೀನಿ. ಟೈಲರು ಅಳತೆ ಹಿಡಿದ ಹಾಗೆ.”

ಸುದಾಬೆ ಹೋಗಿ ಹಮ್ಮಾಮಿನ ಕಟ್ಟೆಯ ಮೇಲೆ ಕೂತಳು. ಅವನು ದೊಡ್ಡ ಹಾಳೆಯೊಂದರ ಮೇಲೆ ಇದ್ದಿಲಿನಿಂದ ಬರೆಯತೊಡಗಿದ. ಎಫ್ಫತ್‌ಳ ಮುಖ ಅವಳ ಕಣ್ಣ ಮುಂದೆಯೇ ಇತ್ತು: ಒಂದಕ್ಕೊಂದು ಕೂಡಿಕೊಂಡ ಹುಬ್ಬು, ಗುಂಡು ಕೆನ್ನೆ, ಪುಟ್ಟ ಗಲ್ಲ, ಎಡಗಣ್ಣಿನ ರೆಪ್ಪೆ ಕೊಂಚ ಇಳಿಬಿದ್ದು ಸದಾ ನಿದ್ದೆಗಣ್ಣಿನವಳ ಹಾಗೆ, ನಕ್ಕರೆ ಮುಂದಿನ ಎರಡು ಹಲ್ಲಿನ ನಡುವೆ ಸಂದು. ಹೇಳಬೇಕೆಂದು ಎಲ್ಲವನ್ನೂ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡೇ ಬಂದಿದ್ದಳು.

ಯದುಲ್ಲಾ ಹಾಳೆ ತಿರುಗಿಸಿ ತೋರಿಸಿದ.

ಅದು ಸುದಾಬೆಯದೇ ಮುಖ. ಆದರೆ ಕನ್ನಡಿಯಲ್ಲಿ ಅವಳು ಕಂಡ ಮುಖವಲ್ಲ. ಉದ್ದ ಕತ್ತು, ಎಲ್ಲೋ ದೂರ ನೋಡುತ್ತಿರುವ ಕಣ್ಣು, ಚೂಪು ಗಲ್ಲ. ಅವಳ ಚೂಪು ಗಲ್ಲಕ್ಕೆ ಮನೆಯಲ್ಲಿ ‘ಗುದ್ದಲಿ’ ಅನ್ನುತ್ತಿದ್ದರು. ಹೆಣ್ಣು ನೋಡಲು ಬಂದವರು ಚಹಾ ಕುಡಿದು, ಸಕ್ಕರೆ ಚೂರು ಚಪ್ಪರಿಸಿ, ಮತ್ತೆ ಸುದ್ದಿ ಕಳಿಸುತ್ತಿರಲಿಲ್ಲ. ಈ ಹಾಳೆಯ ಮೇಲೆ ಆ ಗಲ್ಲ ರಾಣಿಯ ಗಲ್ಲದ ಹಾಗಿತ್ತು.

“ಏನು ತಿದ್ದಲಿ ಹೇಳು. ಗಲ್ಲ ಹೀಗೇ ಇತ್ತಾ?”

“ಹೂಂ,” ಅಂದಳು ಸುದಾಬೆ. “ಹೀಗೇ ಇತ್ತು.”

“ಹುಬ್ಬು?”

“ಹುಬ್ಬೂ ಹೀಗೇ.”

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿಂದ ಬಂದುಬಿಟ್ಟಿತು. ನಾಳೆ ಹೇಳಿದರಾಯಿತು, ಗೋಡೆಗೆ ಏರಿಸುವ ಮೊದಲು ಹೇಳಿದರಾಯಿತು ಅಂದುಕೊಂಡಳು. ಆ ಒಂದು ದಿನ ಮಾತ್ರ ತನ್ನ ಮುಖ ಹಾಗಿರಲಿ ಅನ್ನಿಸಿತು. ಮರುದಿನ ಅವಳಿಗೆ ಆಸ್ಪತ್ರೆಯಲ್ಲಿ ಬಿಡುವಾಗಲಿಲ್ಲ. ಅದರ ಮರುದಿನ ಗಲ್ಲಿಗೆ ಕಾಲಿಟ್ಟಾಗ ಯದುಲ್ಲಾ ಅಟ್ಟಣಿಗೆಯ ಮೇಲೆ ಕೂತು, ಆಳೆತ್ತರದ ಮುಖದ ಗಲ್ಲಕ್ಕೆ ನೆರಳು ಹಚ್ಚುತ್ತಿದ್ದ. ಕೆಳಗಿನಿಂದ ಹೆಂಗಸರು “ಅಯ್ಯೋ ನಮ್ಮ ಎಫ್ಫತ್, ಜೀವ ಬಂದ ಹಾಗಿದೆ” ಅಂತ ಕಣ್ಣೊರೆಸಿಕೊಳ್ಳುತ್ತಿದ್ದರು. ಅರ್ಧ ಗಲ್ಲಿ ಹೊಸಬರು. ಹಳಬರಲ್ಲಿ ಅನೇಕರು ಅವಳನ್ನು ಚಿಕ್ಕ ಹುಡುಗಿಯಾಗಿದ್ದಾಗ ಮಾತ್ರ ಸರಿಯಾಗಿ ಕಂಡವರು. ರೊಟ್ಟಿ ಅಂಗಡಿಯವನೊಬ್ಬ ಮಾತ್ರ, “ಸ್ವಲ್ಪ ನಿನ್ನ ಹಾಗೂ ಇದೆಯಲ್ಲ ಸುದಾಬೆ?” ಅಂದ.

“ಬಿಳಿ ಬಟ್ಟೆ ಹಾಕ್ಕೊಂಡ್ರೆ ನರ್ಸುಗಳೆಲ್ಲ ಒಂದೇ ಥರ ಕಾಣ್ತೀವಿ ಬಿಡು ಅಣ್ಣ,” ಅಂದಳು ಅವಳು. ಅಂದ ಮೇಲೆ ಕಿವಿ ಬಿಸಿಯಾಯಿತು.

ಆ ಬೇಸಿಗೆಯಲ್ಲಿ ನನೆ ಖಾವರ್ ಊರಿಗೆ ಮರಳಿದಳು. ಬಸ್ಸಿಳಿದವಳು ಮನೆಗೂ ಹೋಗದೆ, ಗಂಟುಮೂಟೆ ಹೈದರನ ಕೈಗೆ ಕೊಟ್ಟು, ನೆಟ್ಟಗೆ ಹಮ್ಮಾಮಿನ ಹಿಂದಕ್ಕೆ ಬಂದಳು. ಸುದ್ದಿ ತಿಳಿದು ಸುದಾಬೆ ಓಡಿದಳು. ಈಗ ಸಿಕ್ಕಿಬೀಳುತ್ತೇನೆ, ಇಡೀ ಗಲ್ಲಿಯ ಮುಂದೆ ನನ್ನ ಮಾನ ಹೋಗುತ್ತದೆ ಅಂತ ಹೆದರಿಕೆ ಇತ್ತು. ಜೊತೆಗೇ, ಹೋದರೆ ಹೋಗಲಿ, ಒಮ್ಮೆ ಮುಗಿದುಹೋಗಲಿ ಅಂತಲೂ ಇತ್ತು.

ಮುದುಕಿ ತುಂಬ ಹೊತ್ತು ಗೋಡೆ ನೋಡಿದಳು. ತಲೆಯಿಂದ ಕಾಲವರೆಗೆ ಹೊದ್ದ ಚಾದರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ತಲೆ ಹಿಂದಕ್ಕೆ ವಾಲಿಸಿ ನೋಡಿದಳು. ಕೊನೆಗೆ ಪಕ್ಕದಲ್ಲಿ ನಿಂತಿದ್ದ ಸುದಾಬೆಯ ಮೊಣಕೈ ಹಿಡಿದು ಮೆಲ್ಲಗೆ ಕೇಳಿದಳು.

“ತುಂಬ ಸಣ್ಣ ಆಗಿದ್ಲೇನೇ?”

ಸುದಾಬೆ ಗೋಡೆಯತ್ತ ನೋಡಿದಳು.

“ನಾನು ಬಿಟ್ಟು ಹೋದಾಗ ಕೆನ್ನೆ ತುಂಬಿಕೊಂಡಿತ್ತು,” ಅಂದಳು ನನೆ ಖಾವರ್. “ಇಲ್ಲಿ ನೋಡು, ಗಲ್ಲ ಎಲ್ಲ ಇಳಿದುಹೋಗಿದೆ. ಆ ವರ್ಷ ಊಟ ಸರಿ ಇರಲಿಲ್ವಾ? ರಾತ್ರಿ ಪಾಳಿ ಜಾಸ್ತಿ ಇತ್ತಾ? ನಿಜ ಹೇಳು. ಸಣ್ಣ ಆಗಿದ್ಲಾ?”

“ಹೌದು ನನೆ,” ಅಂದಳು ಸುದಾಬೆ. “ಕೆಲಸದಲ್ಲಿ ಸಣ್ಣ ಆಗಿದ್ಲು.”

ಮುದುಕಿ ಗೋಡೆಗೆ ಹಣೆ ಹಚ್ಚಿ ಅತ್ತಳು. ಮಗಳು ಹಸಿದಿದ್ದಾಗ ತಾನು ಬೇರೆ ಊರಿನಲ್ಲಿ ಸುಖವಾಗಿ ಅನ್ನ ತಿಂದೆನಲ್ಲ ಎಂದು ಅತ್ತಳು. ಎಫ್ಫತ್ ಹಸಿದಿರಲಿಲ್ಲ. ಸಾಯುವ ದಿನ ಬೆಳಗ್ಗೆ ಕೂಡ ಸುದಾಬೆಯ ಪಾಲಿನ ಖರ್ಜೂರವನ್ನೂ ತಾನೇ ತಿಂದು, “ನಿನಗೆ ಗಂಡು ಸಿಗಬೇಕಾದ್ರೆ ನೀನು ತೆಳ್ಳಗಿರಬೇಕು ಕಣೇ, ನನಗೆ ಹೇಗೂ ಆಸೆ ಇಲ್ಲ” ಅಂತ ಗೇಲಿ ಮಾಡಿದ್ದಳು. ಸುದಾಬೆ ಮುದುಕಿಯ ಬೆನ್ನು ಸವರುತ್ತ ನಿಂತಳು.

ಗೋಡೆಯ ಮುಖದ ವಿಷಯದಲ್ಲಿ ಸುಳ್ಳು ಹೇಳಿದ್ದು ಆಸೆಗೆ. ತಾಯಿಗೆ ಹೇಳಿದ್ದು ಹೆದರಿಕೆಗೆ. ಎರಡರಲ್ಲಿ ತಾಯಿಗೆ ಹೇಳಿದ್ದೇ ಹೆಚ್ಚು ಸುಡುತ್ತದೆ ಅಂತ ಅವಳಿಗೆ ಅಂದೇ ಗೊತ್ತಾಯಿತು.

ಎರಡು ವರ್ಷದ ಮೇಲೆ ಸುದಾಬೆಗೆ ಶೂಷ್ತರಿನ ಲತೀಫನ ಜೊತೆ ಮದುವೆಯಾಯಿತು. ಲತೀಫ ಶಾಲೆ ಬಸ್ಸಿನ ಡ್ರೈವರು, ತಮಾಷೆಯ ಮನುಷ್ಯ. ಗಲ್ಲಿಗೆ ಬಂದ ದಿನವೇ ಗೋಡೆಯ ಮುಂದೆ ಗಕ್ಕನೆ ನಿಂತ.

“ಅರೇ, ಇದು ನೀನಲ್ವಾ?”

“ಶ್, ಸುಮ್ನಿರಿ. ಅದು ಎಫ್ಫತ್.”

“ನನ್ನ ಹೆಂಡ್ತಿ ಮುಖ ನನಗೆ ಗೊತ್ತಾಗಲ್ವಾ?”

ಆ ದಿನ ಅವಳು ಗಂಡನ ಮುಂದೆ ಎಲ್ಲ ಹೇಳಿಕೊಂಡು ಅತ್ತಳು. ಅವನು ಕೇಳಿಸಿಕೊಂಡು, “ನನಗೆ ಇಬ್ಬರು ಹೆಂಡ್ತಿಯರು ಹಾಗಾದ್ರೆ. ಗೋಡೆ ಮೇಲಿರೋಳು ಬಯ್ಯೋದಿಲ್ಲ, ಅದೇ ವಾಸಿ,” ಅಂತ ನಗಿಸಲು ನೋಡಿದ. ಆಮೇಲೆ ಗಂಭೀರವಾಗಿ, “ಹೋಗಿ ಹೇಳಿಬಿಡು. ದಿನ ಹೋದಷ್ಟೂ ಕಷ್ಟ,” ಅಂದ. ಅವಳು ಹೋಗಲಿಲ್ಲ. ಲತೀಫ ಮತ್ತೆ ಆ ವಿಷಯ ಎತ್ತಲಿಲ್ಲ. ಸಾಯುವವರೆಗೂ ಎತ್ತಲಿಲ್ಲ.

ಗುರುವಾರ ಗುರುವಾರ ನನೆ ಖಾವರ್ ಸತ್ತ ಮಗಳ ಹೆಸರಲ್ಲಿ ಹಲ್ವ ಮಾಡಿ ಗೋಡೆಯ ಬುಡಕ್ಕೆ ತಂದು ಹೋಗಿಬರುವವರಿಗೆ ಹಂಚುತ್ತಿದ್ದಳು. ಮಗಳನ್ನು ವರ್ಣಿಸುವಾಗ ಮೊದಮೊದಲು “ಗುಂಡಗಿದ್ಲು ನನ್ನ ಮಗಳು” ಅನ್ನುತ್ತಿದ್ದವಳು ಬರಬರುತ್ತ, “ಜಿಂಕೆ ಹಾಗಿದ್ಲು, ಈ ಉದ್ದ ಕತ್ತು” ಅನ್ನತೊಡಗಿದಳು. ಗೋಡೆ ಅವಳ ಕಣ್ಣೊಳಗಿನ ಮುಖವನ್ನು ಸ್ವಲ್ಪ ಸ್ವಲ್ಪವೇ ಅಳಿಸಿ ತನ್ನದನ್ನು ಬರೆಯುತ್ತಿತ್ತು. ಸುದಾಬೆ ಎದುರಿಗೇ ನಿಂತು ಹಲ್ವದ ತಟ್ಟೆ ಹಿಡಿದುಕೊಳ್ಳುತ್ತಿದ್ದಳು. ರೊಟ್ಟಿ ತರಲು ಮಾತ್ರ ಗೋಡೆ ಕಣ್ಣಿಗೆ ಬೀಳದ ಹಾಗೆ ಸುತ್ತು ಬಳಸಿ, ನದಿಯ ಕಡೆಯ ಹಾದಿಯಿಂದ ಹೋಗುತ್ತಿದ್ದಳು.

ಹೈದರನಿಗೆ ಮಗಳು ಹುಟ್ಟಿದಳು. ಗುಲ್ನಾರ್ ಅಂತ ಹೆಸರಿಟ್ಟರು. ಹುಡುಗಿಗೆ ಮೂರು ತುಂಬುವ ಹೊತ್ತಿಗೆ ಸುದಾಬೆಗೆ ಅವಳತ್ತ ನೋಡುವುದೇ ಕಷ್ಟವಾಯಿತು. ಕೂಡಿಕೊಂಡ ಹುಬ್ಬು, ಗುಂಡು ಕೆನ್ನೆ, ಎಡಗಣ್ಣಿನ ಇಳಿದ ರೆಪ್ಪೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದಾಗ ನಡುವೆ ಆ ಸಂದೂ ಬಂತು. ಎಫ್ಫತ್ ಅಚ್ಚೊತ್ತಿದ ಹಾಗೆ ಗಲ್ಲಿಯಲ್ಲಿ ಓಡಾಡಿಕೊಂಡಿದ್ದಳು, ಗಲ್ಲಿಯವರು ಮಾತ್ರ ಗೋಡೆ ನೋಡಿ, ಹುಡುಗಿಯನ್ನು ನೋಡಿ, “ಅತ್ತೆಯ ಒಂದು ಗೆರೆಯಾದ್ರೂ ಬರಬಾರದಿತ್ತಾ? ಪೂರ್ತಿ ತಾಯಿ ಕಡೆಯವಳು” ಅನ್ನುತ್ತಿದ್ದರು. ನನೆ ಖಾವರ್ ಕೂಡ ಅನ್ನುತ್ತಿದ್ದಳು.

ಶಾಲೆಯಲ್ಲಿ ಯುದ್ಧದ ನೆನಪಿನ ದಿನ ಮಕ್ಕಳ ನಾಟಕ. ನರ್ಸ್ ಎಫ್ಫತ್‌ಳ ಪಾತ್ರಕ್ಕೆ ಗುಲ್ನಾರ್ ಕೈಯೆತ್ತಿದರೆ ಟೀಚರು, “ನೀನು ಬೇಡಮ್ಮ, ಹೋಲಿಕೆ ಬರಲ್ಲ” ಅಂದು ಉದ್ದ ಕತ್ತಿನ ಬೇರೊಬ್ಬಳನ್ನು ಆರಿಸಿದರು. ನಾಟಕದ ದಿನ ಸುದಾಬೆ ಮುಂದಿನ ಸಾಲಿನಲ್ಲಿ ಅತಿಥಿಯಾಗಿ ಕೂತು ನೋಡಿದಳು. ಸ್ವಂತ ಅತ್ತೆಯ ಕಥೆಯಲ್ಲಿ ಗುಲ್ನಾರ್ ಸ್ಟ್ರೆಚರಿನ ಹಿಂದಿನ ತುದಿ ಹಿಡಿದುಕೊಂಡು ಬಂದು ಹೋದಳು.

ಹುಡುಗಿ ದೊಡ್ಡವಳಾದ ಮೇಲೆ ಅವಳ ತಾಯಿ ಒಂದು ದಿನ ಅವಳನ್ನು ಕರೆದುಕೊಂಡು ಸುದಾಬೆಯ ಮನೆಗೆ ಬಂದಳು.

“ಅಕ್ಕಾ, ಈ ಹಲ್ಲಿನ ಸಂದು ಮುಚ್ಚಿಸಬಹುದಂತಲ್ಲ? ಗಂಡಿನ ಕಡೆಯವರು ಬರೋ ಹೊತ್ತು. ನಿಮಗೆ ಯಾರಾದ್ರೂ ಒಳ್ಳೆ ದಂತವೈದ್ಯರು ಗೊತ್ತಾ?”

ಗುಲ್ನಾರ್ ನಾಚಿಕೆಯಿಂದ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದಳು. ಬೇಡ, ಅದೊಂದು ಬೇಡ ಅನ್ನುವ ಮಾತು ಸುದಾಬೆಯ ನಾಲಿಗೆಯ ತುದಿಗೆ ಬಂತು. ಯಾಕೆ ಬೇಡ ಅಂದರೆ ಏನು ಹೇಳುವುದು? ತನಗೆ ಗೊತ್ತಿದ್ದ ವೈದ್ಯರ ಹೆಸರು ಹೇಳಿ, ಫೋನು ಮಾಡಿ ಸಮಯವನ್ನೂ ಗೊತ್ತು ಮಾಡಿಕೊಟ್ಟಳು. ಕೆಲವು ತಿಂಗಳಲ್ಲಿ ಸಂದು ಮುಚ್ಚಿತು. ಹುಡುಗಿ ಬಂದು ಹೊಸ ನಗು ತೋರಿಸಿ, “ಚೆನ್ನಾಗಿದೆಯಾ ಚಿಕ್ಕಮ್ಮ?” ಅಂದಳು. ಸುದಾಬೆ ಚೆನ್ನಾಗಿದೆ ಅಂದು ಒಳಗೆ ಹೋಗಿ ಚಹಾ ಕಾಯಿಸುವ ಸಮೋವರಿನ ಮುಂದೆ ನಿಂತಳು. ಭೂಮಿಯ ಮೇಲೆ ಎಫ್ಫತ್‌ಳ ನಗು ಉಳಿದಿದ್ದ ಒಂದೇ ಜಾಗವನ್ನು ತಾನೇ ಕೈಯಾರೆ ಮುಚ್ಚಿಸಿದ್ದಳು.

ಗಂಡಿನ ಕಡೆಯವರು ಬಂದು ಹೋದರು. ಗುಲ್ನಾರ್ ಯಾರನ್ನೂ ಒಪ್ಪಲಿಲ್ಲ. ಹೆಂಗಸರಿಗೆ ಕಾರು ಕಲಿಸುವ ಕೆಲಸ ಹಿಡಿದಳು. ಒಳ್ಳೆ ಜೋರು ಬಾಯಿ, ಗಲ್ಲಿಯ ಅರ್ಧ ಹೆಂಗಸರು ಅವಳ ಕೈಕೆಳಗೆ ಬೈಸಿಕೊಂಡೇ ಸ್ಟೇರಿಂಗ್ ಹಿಡಿದವರು.

ಲತೀಫ ತೀರಿಕೊಂಡ ಮರುವರ್ಷ ಹಮ್ಮಾಮಿನ ಗೋಡೆ ತೇವ ಹಿಡಿದು ಸುಲಿಯತೊಡಗಿತು. ಸೈನಿಕರಲ್ಲೊಬ್ಬನ ಭುಜ ಉದುರಿತು, ನರ್ಸಿನ ಹಣೆಯ ಮೇಲೆ ಬಿರುಕು ಬಂತು. ಗಲ್ಲಿಯವರು ಸೇರಿ ಮತ್ತೆ ಬರೆಸಲು ನಿಂತರು. ಯದುಲ್ಲಾ ಎಂದೋ ತೀರಿಹೋಗಿದ್ದ. ಈ ಸಲ ಅಹ್ವಾಜಿನಿಂದ ಮಾರಾಲ್ ಎಂಬ ಚಿತ್ರಗಾರ್ತಿ ಬಂದಳು. ಅವಳನ್ನೂ ಎಲ್ಲರೂ ಸುದಾಬೆಯ ಮನೆಗೇ ಕಳಿಸಿದರು.

“ಹಳೇ ಚಿತ್ರವನ್ನೇ ನೋಡಿ ಬರೆದುಬಿಡ್ತೀನಿ ಅಮ್ಮ,” ಅಂದಳು ಮಾರಾಲ್ ಚಹಾ ಲೋಟ ಹಿಡಿದು. “ಆದ್ರೂ ಒಂದು ಮಾತು ಕೇಳೋಣ ಅಂತ ಬಂದೆ. ಮುಖದಲ್ಲಿ ಏನಾದ್ರೂ ತಿದ್ದೋದಿದೆಯಾ?”

ಅದೇ ಪ್ರಶ್ನೆ. ಸುದಾಬೆ ಕೈಯಲ್ಲಿದ್ದ ಲೋಟವನ್ನು ತಟ್ಟೆಯ ಮೇಲಿಟ್ಟಳು.

“ಇದೆ,” ಅಂದಳು. “ಪೂರ್ತಿ ಮುಖಾನೇ ತಿದ್ದಬೇಕು. ಆ ಗೋಡೆ ಮೇಲಿರೋದು ನಾನು.”

ಮಾರಾಲ್‌ಗೆ ಹೇಳಿದ ಮೇಲೆ ಅವಳಿಗೆ ನಿಲ್ಲಲಾಗಲಿಲ್ಲ. ಚಾದರ ಹೊದ್ದು ಹೈದರನ ಮನೆಗೆ ಹೋದಳು. ಹೈದರ ಅಂಗಳದಲ್ಲಿ ಗಿಡಕ್ಕೆ ನೀರು ಬಿಡುತ್ತಿದ್ದ. ಗುಲ್ನಾರ್ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ಸುದಾಬೆ ನಿಂತಲ್ಲೇ ನಿಂತು ಎಲ್ಲ ಹೇಳಿದಳು. ಹಾಳೆ, ಗಲ್ಲ, ಸಣ್ಣ ಆಗಿದ್ಲಾ ಅಂದದ್ದು, ಹಲ್ಲು, ಎಲ್ಲ.

ಹೈದರ ಮಗಳ ಮುಖವನ್ನೇ ನೋಡುತ್ತ ನಿಂತ. ಕೊಳವೆಯ ನೀರು ಅವನ ಕಾಲ ಮೇಲೆ ಹರಿಯುತ್ತಿತ್ತು. “ಹೌದಲ್ಲ,” ಅಂದ ಕೊನೆಗೆ, ತನ್ನಷ್ಟಕ್ಕೆ. “ಹೌದು. ನನಗೆ ಯಾಕೆ ಕಾಣಲಿಲ್ಲ?”

ಗುಲ್ನಾರ್ ಎದ್ದು ಬಂದಳು. “ನಾಟಕದ ದಿನ ನೀವು ಮುಂದೆ ಕೂತಿದ್ರಿ.”

“ಕೂತಿದ್ದೆ.”

“ನನ್ನ ಹಲ್ಲಿಗೆ ಫೋನು ಮಾಡಿದ್ದು ನೀವೇ.”

“ನಾನೇ ಮಗಳೇ.”

“ಮಗಳೇ ಅನ್ನಬೇಡಿ ಈಗ.” ಅವಳ ದನಿ ಏರಿತು. “ಇಪ್ಪತ್ತೈದು ವರ್ಷ ಈ ಗಲ್ಲಿ ನನ್ನನ್ನ ಬಾಡಿಗೆ ಮುಖದವಳ ಹಾಗೆ ನೋಡಿತು. ನೀವು ನೋಡ್ತಾ ಹಲ್ವ ತಿಂತಾ ಇದ್ರಿ.”

ಸುದಾಬೆ ತಲೆ ಎತ್ತಲಿಲ್ಲ. ಕ್ಷಮಿಸು ಅನ್ನುವ ಮಾತು ಬಾಯಿಗೆ ಬಂದದ್ದನ್ನೂ ನುಂಗಿಕೊಂಡಳು. ಕ್ಷಮೆ ಕೇಳಿದರೆ ಇವಳ ಮೇಲೆ ಇನ್ನೊಂದು ಹೊರೆ ಹಾಕಿದಂತೆ ಅನ್ನಿಸಿತು.

ಆದರೂ ಗುಲ್ನಾರ್ ಮಾರಾಲ್‌ಗಾಗಿ ಕೂತಳು. ಸುದಾಬೆ ದೂರದಲ್ಲಿ ನಿಂತು ಹೇಳುತ್ತ ಹೋದಳು: ಕೆನ್ನೆ ಇನ್ನೂ ಚೂರು ಗುಂಡಗೆ, ರೆಪ್ಪೆ ಹೀಗೆ, ಹಲ್ಲಿನ ನಡುವೆ ಸಂದು. ಗೋಡೆಯ ಮೇಲೆ ಎಫ್ಫತ್ ಎದ್ದು ಬಂದಳು, ನಿದ್ದೆಗಣ್ಣಿನವಳು, ಈಗಲೇ ಯಾರನ್ನಾದರೂ ಗೇಲಿ ಮಾಡುವಂಥವಳು. ಸುದಾಬೆ ಕಟ್ಟೆಯ ಮೇಲೆ ಕೂತಳು.

ಗುರುವಾರ ಹೈದರ ತಾಯಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದ. ನನೆ ಖಾವರ್‌ಗೆ ತೊಂಬತ್ತರ ಹತ್ತಿರ. ಒಂದು ಕಣ್ಣಿನ ಪೊರೆ ತೆಗೆಸಿದ್ದರು, ಅದರಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಗೋಡೆಯತ್ತ ನೋಡಿದವಳು ತೊಡೆ ಚಚ್ಚಿಕೊಂಡು ಕೂಗಿದಳು.

“ಇದೇನು ಮಾಡಿದ್ರೋ ಪಾಪಿಗಳಾ! ಬದುಕಿರೋ ಮಗೂನ ಸತ್ತವರ ಸಾಲಲ್ಲಿ ನಿಲ್ಲಿಸಿದ್ದೀರಲ್ಲೋ! ಅಳಿಸ್ರೋ! ನನ್ನ ಗುಲ್ನಾರ್‌ಗೆ ಏನಾದ್ರೂ ಆದ್ರೆ? ಅಳಿಸ್ರೋ ಅಂದೆ!”

“ಅಮ್ಮಾ, ಇದು ಎಫ್ಫತ್,” ಅಂದ ಹೈದರ. “ನೋಡು, ನೆನಪು ಮಾಡ್ಕೋ.”

“ಎಫ್ಫತ್ ನನಗೆ ಹುಟ್ಟಿದ್ದೋ, ನಿನಗೋ? ನನ್ನ ಮಗಳು ಜಿಂಕೆ ಹಾಗಿದ್ಲು. ನನ್ನ ಮಗಳು ಎಲ್ಲಿ? ಎಲ್ಲಿ ಹಾಕಿದ್ರಿ ಅವಳನ್ನ?”

ಸುದಾಬೆ ಗಾಲಿಕುರ್ಚಿಯ ಮುಂದೆ ಮಂಡಿಯೂರಿದಳು. ಗಲ್ಲಿಯವರೆಲ್ಲ ನಿಂತಿದ್ದರು. ಅವರೆಲ್ಲರ ಮುಂದೆಯೇ ಹೇಳಿದಳು. “ನನೆ, ಅಲ್ಲಿದ್ದದ್ದು ಎಫ್ಫತ್ ಅಲ್ಲ, ನಾನು. ನಾನು ಸುಳ್ಳು ಹೇಳಿದ್ದೆ. ಅವಳು ಸಣ್ಣ ಆಗಿರಲಿಲ್ಲ. ಚೆನ್ನಾಗಿ ತಿಂತಿದ್ಲು, ಗುಂಡಗೆ ಇದ್ಲು, ನಗ್ತಾ ಇದ್ಲು. ನಾನು ಪಾಪಿ ನನೆ.”

ಮುದುಕಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಸುಕ್ಕುಗಟ್ಟಿದ ಕೆನ್ನೆ, ಜೋತುಬಿದ್ದ ಕತ್ತು, ಮಾಸಿದ ಕಣ್ಣು. ಅವಳಿಗೆ ಕನಿಕರವೇ ಬಂತು.

“ಪಾಪ, ಗಂಡ ಹೋದ ಮೇಲೆ ನಿನಗೆ ತಲೆ ಸರಿ ಇಲ್ಲ ಕಣೇ,” ಅಂದಳು. “ನೀನೆಲ್ಲಿ, ನನ್ನ ಎಫ್ಫತ್ ಎಲ್ಲಿ! ನಿನ್ನ ಗಲ್ಲಕ್ಕೆ ನಿಮ್ಮಮ್ಮ ಗುದ್ದಲಿ ಅಂತಿದ್ಲು. ಏಳು, ಏಳು. ನನ್ನ ಮಗಳನ್ನ ವಾಪಸ್ ತರಿಸಿಕೊಡು.”

ಗಲ್ಲಿಯಲ್ಲಿ ಯಾರೋ ನಕ್ಕರು, ನಕ್ಕವರು ತಕ್ಷಣ ಸುಮ್ಮನಾದರು. ಸುದಾಬೆ ಏಳಲಾರದೆ ಅಲ್ಲೇ ಇದ್ದಳು. ಇಷ್ಟು ವರ್ಷ ಹೊತ್ತದ್ದನ್ನು ಕೊನೆಗೂ ಇಳಿಸಲು ಬಂದರೆ, ಇಳಿಸಿಕೊಳ್ಳಬೇಕಾದವಳೇ ಬೇಡ ಅಂದುಬಿಟ್ಟಿದ್ದಳು.

ಮೂರು ದಿನ ನನೆ ಖಾವರ್ ಅನ್ನ ಮುಟ್ಟಲಿಲ್ಲ. “ನನ್ನ ಮಗಳನ್ನ ಎರಡನೇ ಸಲ ಕೊಂದ್ರು” ಅಂತ ಒಂದೇ ಸಮನೆ ಅಳು. ಕೊನೆಗೆ ಗುಲ್ನಾರ್ ತಾನೇ ಮಾರಾಲ್ ಹತ್ತಿರ ಹೋದಳು.

“ಹಳೇ ಮುಖವನ್ನೇ ಬರೆದುಬಿಡಿ.”

“ನಿಮಗೆ ಬೇಜಾರಿಲ್ವಾ?” ಅಂದಳು ಮಾರಾಲ್.

“ಬೇಜಾರಿಲ್ದೆ ಏನು? ಅಜ್ಜಿ ಊಟ ಮಾಡ್ಬೇಕಲ್ಲ.”

ಮಾರಾಲ್ ಹಳೇ ಚಿತ್ರದ ಫೋಟೋ ತೆಗೆದಿಟ್ಟುಕೊಂಡಿದ್ದಳು. ಗುಂಡು ಕೆನ್ನೆಯ ಮೇಲೆ ಬಿಳಿ ಬಣ್ಣ ಬಳಿದಳು. ಉದ್ದ ಕತ್ತು ಮತ್ತೆ ಬಂತು, ಚೂಪು ಗಲ್ಲ ಮತ್ತೆ ಬಂತು. ಸುದಾಬೆ ಅದನ್ನು ಕೊನೆಯವರೆಗೂ ನಿಂತು ನೋಡಿದಳು. ನೋಡಲೇಬೇಕು ಅಂತ ತನಗೆ ತಾನೇ ವಿಧಿಸಿಕೊಂಡಿದ್ದಳು. ನನೆ ಖಾವರ್ ಬಂದು ಗೋಡೆ ನೋಡಿ, ಕೈಗೆ ಮುತ್ತಿಟ್ಟು ಗೋಡೆಗೆ ಮುಟ್ಟಿಸಿ, ಸಮಾಧಾನವಾಗಿ ಮನೆಗೆ ಹೋದಳು. ಮರುವರ್ಷ ವಸಂತದಲ್ಲಿ ನಿದ್ದೆಯಲ್ಲೇ ತೀರಿಕೊಂಡಳು.

ಈಗಲಾದರೂ ಬದಲಾಯಿಸೋಣ ಅಂತ ಹೈದರ ಹೇಳಿದ. ಗಲ್ಲಿಯವರಿಗೆ ಮನಸ್ಸಿರಲಿಲ್ಲ. ಅವರಿಗೂ ಆ ಮುಖವೇ ರೂಢಿಯಾಗಿತ್ತು. ನಿಜ ಗೊತ್ತಾದ ಮೇಲೂ ಹಾದು ಹೋಗುವಾಗ “ಎಫ್ಫತ್” ಅಂತಲೇ ಎದೆಗೆ ಕೈಯಿಟ್ಟು ವಂದಿಸುತ್ತಿದ್ದರು. ಸುದಾಬೆಯ ಮೇಲೆ ಯಾರೂ ಸಿಟ್ಟಾಗಲಿಲ್ಲ. “ಆಗಿನ ಕಾಲ ಹಾಗಿತ್ತು ಬಿಡಕ್ಕ” ಅಂದರು. ಯಾರಾದರೂ ಬೈದಿದ್ದರೆ ಅವಳಿಗೆ ವಾಸಿಯಿತ್ತು.

ಗುಲ್ನಾರ್ ಬಹಳ ಕಾಲ ಮಾತು ಬಿಟ್ಟಿದ್ದಳು. ಎದುರು ಸಿಕ್ಕರೆ ತಲೆ ಬೇರೆ ಕಡೆ. ಅಜ್ಜಿಯ ವರ್ಷದ ಊಟ ಮುಗಿದ ಮೇಲೆ ಒಂದು ಮಧ್ಯಾಹ್ನ ಸುದಾಬೆಯ ಬಾಗಿಲ ಮುಂದೆ ಹಾರ್ನ್ ಕೇಳಿಸಿತು. ನೆತ್ತಿಯ ಮೇಲೆ ಕಲಿಕೆಯ ಫಲಕ ಹೊತ್ತ ಬಿಳಿ ಕಾರು.

“ಹತ್ತಿ,” ಅಂದಳು ಗುಲ್ನಾರ್ ಕಿಟಕಿ ಇಳಿಸಿ.

“ಎಲ್ಲಿಗೆ?”

“ಪ್ರಶ್ನೆ ನಾನು ಕೇಳ್ತೀನಿ. ನೀವು ಹತ್ತಿ.”

ಸುದಾಬೆ ಹತ್ತಿದಳು. ಕಾರು ಹೊಳೆ ದಂಡೆಯ ರಸ್ತೆಗೆ ಇಳಿಯಿತು. ಗುಲ್ನಾರ್ ಮುಂದಿನ ಲಾರಿಯವನಿಗೆ ಕೈ ಬೀಸಿ ಬೈದು, ಗೇರು ಬದಲಿಸಿ, ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

“ನಮ್ಮತ್ತೆ ಹೀಗೇ ಬೈತಿದ್ಲಾ?”

“ಇದಕ್ಕಿಂತ ಜೋರಾಗಿ,” ಅಂದಳು ಸುದಾಬೆ. “ಡಾಕ್ಟರಿಗೂ ಬಿಡ್ತಿರಲಿಲ್ಲ.”

“ಹಾಡ್ತಿದ್ಲಾ?”

ಸುದಾಬೆ ಯೋಚಿಸಿದಳು. ಹಾಡುತ್ತಿದ್ದಳು ಅಂದರೆ ಹುಡುಗಿಗೆ ಖುಷಿಯಾಗಬಹುದು. ಹಾಡಿದ್ದು ತನಗೆ ಕೇಳಿದ ನೆನಪಿರಲಿಲ್ಲ.

“ಗೊತ್ತಿಲ್ಲ,” ಅಂದಳು. “ನೆನಪಿಲ್ಲ.”

ಗುಲ್ನಾರ್ ಒಮ್ಮೆ ಅವಳ ಕಡೆ ತಿರುಗಿ ನೋಡಿದಳು. ಆಮೇಲೆ, “ಸರಿ, ನೆನಪಿರೋದು ಹೇಳಿ” ಅಂದಳು. ಸುದಾಬೆ ಖರ್ಜೂರದ ಮಾತಿನಿಂದ ಶುರು ಮಾಡಿದಳು.